ಗಬ್ಬೂರ ಕ್ರಾಸಿನಲ್ಲಿ ಸೀಸದ ತೂಕ

ನಮ್ಮ ಧಂದೆಯಲ್ಲಿ ಸ್ಟಿಕರ್ ಓದುವವನು ಗಿರಾಕಿ, ಎತ್ತಿ ನೋಡುವವನು ಮಿಸ್ತ್ರಿ. ಎರಡು ಬ್ಯಾಟರಿ ತಂದಿಡಿ. ಎರಡರ ಮೈಮೇಲೂ 12 ವೋಲ್ಟ್, 150 ಎ.ಎಚ್. (ಆ್ಯಂಪಿಯರ್-ಅವರ್) ಅಂತ ದಪ್ಪ ಅಕ್ಷರದಲ್ಲಿ ಬರೆದಿರಲಿ. ಒಂದನ್ನು ಎತ್ತಲು ಇಬ್ಬರು ಬೇಕು, ಇನ್ನೊಂದನ್ನು ಅಂಗಡಿಯ ಹುಡುಗ ಒಬ್ಬನೇ ಮೊಣಕಾಲಿಗೆ ಆನಿಸಿ ಎತ್ತಿಬಿಡುತ್ತಾನೆ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಒಳಗೆ ಸೀಸ ಕಡಿಮೆ ಹಾಕಿ ಹೊರಗೆ ಅಂಕಿ ಜಾಸ್ತಿ ಬರೆದಿದ್ದಾರೆ. ನನ್ನ ಅಂಗಡಿಯ ಬಾಗಿಲ ಪಕ್ಕ ಒಂದು ಕಾಟಾ ಇದೆ. ಅದು ಹಳೆ ಬ್ಯಾಟರಿ ತೂಗಿ ತೆಗೆದುಕೊಳ್ಳಲು ಇಟ್ಟದ್ದು ಅಂತ ಜನ ತಿಳಿದಿದ್ದಾರೆ. ಹೊಸದನ್ನೂ ಅದರ ಮೇಲೆ ಇಟ್ಟು ನೋಡಬಹುದು ಅನ್ನುವುದು ಬಹಳ ಮಂದಿಗೆ ಹೊಳೆಯುವುದಿಲ್ಲ.

ಗಬ್ಬೂರ ಹುಬ್ಬಳ್ಳಿಯ ದಕ್ಷಿಣಕ್ಕೆ ಪುಣೆ–ಬೆಂಗಳೂರು ರಸ್ತೆಗೆ ಹತ್ತಿಕೊಂಡ ಊರು. ಈ ರಸ್ತೆಗೆ ನಮ್ಮ ಕಡೆ ಪಿ.ಬಿ. ರೋಡ್ ಅಂತಲೇ ಹೆಸರು. ಸರ್ಕಾರ ಮೊದಲು ನಾಲ್ಕನೇ ಹೆದ್ದಾರಿ ಅಂದಿತು, ಈಗ 48 ಅನ್ನುತ್ತದೆ, ನಾವು ಪಿ.ಬಿ. ರೋಡ್ ಬಿಟ್ಟಿಲ್ಲ. ಧಾರವಾಡದ ಆಚೆ ನರೇಂದ್ರದವರೆಗೆ ಹೋಗುವ ಸುಮಾರು 30 ಕಿ.ಮೀ. ಬೈಪಾಸ್ ಇಲ್ಲಿಂದಲೇ ಕವಲೊಡೆಯಿತು. ಟೋಲ್ ನಾಕಾ ಬಂತು, ಲಾರಿಗಳು ನಿಲ್ಲತೊಡಗಿದವು. ಲಾರಿ ನಿಂತಲ್ಲಿ ಮೊದಲು ಪಂಕ್ಚರ್ ಅಂಗಡಿ, ಅದರ ಬೆನ್ನಿಗೆ ಚಹಾ, ಆಮೇಲೆ ಎಲೆಕ್ಟ್ರಿಶಿಯನ್, ಕಟ್ಟಕಡೆಗೆ ಬ್ಯಾಟರಿಯವ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿ.ಆರ್.ಎಲ್. ಇದೇ ರಸ್ತೆಯಲ್ಲಿ ಮುಂದೆ ವರೂರಿನಲ್ಲಿ ಬಿಡಾರ ಹೂಡಿದೆ. ಎತ್ತ ತಿರುಗಿದರೂ ಲಾರಿ. 2022ರ ಫೆಬ್ರುವರಿಯಲ್ಲಿ ಬೈಪಾಸನ್ನು ಆರು ಪಥ ಮಾಡುವುದಕ್ಕೆ ಹುಬ್ಬಳ್ಳಿಯಲ್ಲಿ ಶಂಕುಸ್ಥಾಪನೆಯಾದ ಮೇಲೆ ಅಂಗಡಿಗಳು ಹಿಂದೆ ಸರಿದವು, ಕೆಲವು ಕಾಣೆಯಾದವು.

ಆದರೆ ಬ್ಯಾಟರಿಯ ವಿದ್ಯೆ ಇಲ್ಲಿಗೆ ಲಾರಿಯ ಜೊತೆ ಬಂದದ್ದಲ್ಲ, ರೈಲಿನಿಂದ ಇಳಿದು ಬಂದದ್ದು. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಹಾಕಿದರು. ನಮ್ಮಪ್ಪ ಅಲ್ಲಿ ಟ್ರೇನ್ ಲೈಟಿಂಗ್ ವಿಭಾಗದಲ್ಲಿ ಫಿಟ್ಟರ್. ಹಳೆ ಡಬ್ಬಿಗಳ ಕೆಳಗೆ, ಗಾಲಿಯ ಅಚ್ಚಿಗೆ ಪಟ್ಟಾ ಹಾಕಿ ತಿರುಗಿಸುವ ಡೈನಮೊ ಇರುತ್ತಿತ್ತು. ಇಂಗ್ಲೆಂಡಿನ ಸ್ಟೋನ್ ಕಂಪನಿ 1890ರ ದಶಕದಲ್ಲೇ ರೂಢಿಗೆ ತಂದ ಯುಕ್ತಿ ಅದು. ಗಾಡಿ ಓಡುವಾಗ ಡೈನಮೊ ದೀಪವನ್ನೂ ಉರಿಸಬೇಕು, ಪಕ್ಕದ ಪೆಟ್ಟಿಗೆಯಲ್ಲಿನ ಬ್ಯಾಟರಿಯನ್ನೂ ತುಂಬಬೇಕು. ಗಾಡಿ ನಿಂತರೆ ಫ್ಯಾನು, ದೀಪ ಎಲ್ಲ ಬ್ಯಾಟರಿಯ ಹೆಗಲಿಗೆ. ಕ್ರಾಸಿಂಗಿಗೆ ಅಂತ ಗಾಡಿ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ತಾಸುಗಟ್ಟಲೆ ನಿಂತಾಗ ಬಲ್ಬು ಕೆಂಪಗಾಗಿ ಫ್ಯಾನು ತೂಕಡಿಸುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ. ಮೊದಲು 24 ವೋಲ್ಟಿನ ವ್ಯವಸ್ಥೆ ಇತ್ತು, ಆಮೇಲೆ 110 ಆಯಿತು. ದಿನಾ ಖಾಲಿಯಾಗಿ ದಿನಾ ತುಂಬಿಕೊಳ್ಳುವ ಬ್ಯಾಟರಿಗೆ ಈಗ ಡೀಪ್ ಸೈಕಲ್ ಅಂತ ಹೆಸರು ಹೇಳುತ್ತಾರೆ. ಅಪ್ಪನ ಕಾಲದಲ್ಲಿ ಅದು ಬರೀ ‘ಡಬ್ಬಿ ಬ್ಯಾಟರಿ’.

ಸೀಸ ಮತ್ತು ಗಂಧಕಾಮ್ಲದ ಈ ಜೋಡಿಯನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ. 1881ರಲ್ಲಿ ಫೋರ್ ಅನ್ನುವವನು ಸೀಸದ ಪ್ಲೇಟಿಗೆ ಪೇಸ್ಟ್ ಮೆತ್ತುವುದನ್ನು ಕಲಿಸಿದ. ಮುಂದೆ ಕಾರು ಬಂದಾಗಲೂ ಅದಕ್ಕೆ ಬ್ಯಾಟರಿಯಿಂದ ಸ್ಟಾರ್ಟ್ ಆಗುವ ಭಾಗ್ಯ ಇರಲಿಲ್ಲ; ಹ್ಯಾಂಡಲ್ ಹಾಕಿ ತಿರುಗಿಸುವುದೇ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಬಂದ ಮೇಲೆ ಬ್ಯಾಟರಿಯ ಎರಡನೇ ಜಾತಿ ಹುಟ್ಟಿತು. ಅದಕ್ಕೆ ಬೇಕಾದದ್ದು ಎರಡು ಸೆಕೆಂಡಿನ ರಭಸ. ಹಾಗಾಗಿ ತೆಳ್ಳಗಿನ ಪ್ಲೇಟುಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಅದನ್ನು ರಾತ್ರಿಯಿಡೀ ಫ್ಯಾನಿಗೆ ಹಚ್ಚಿ ತಳ ಕಾಣುವವರೆಗೂ ಇಳಿಸಿದರೆ ಪೇಸ್ಟ್ ಉದುರಿ ಕೆಳಗೆ ರಾಡಿ ಕೂಡುತ್ತದೆ, ಉಳಿದದ್ದಕ್ಕೆ ಬಿಳಿ ಸಲ್ಫೇಟ್ ಹಿಡಿಯುತ್ತದೆ. ಟ್ಯೂಬ್ಯುಲರ್‌ನಲ್ಲಿ ಹಾಗಲ್ಲ. ಅಲ್ಲಿ ಸೀಸದ ದಪ್ಪ ಕಡ್ಡಿಗಳಿಗೆ ನೂಲಿನ ಚೀಲ ತೊಡಿಸಿ ಮದ್ದನ್ನು ಅದರೊಳಗೆ ತುಂಬಿರುತ್ತಾರೆ, ಉದುರಲು ಜಾಗವೇ ಇಲ್ಲ. ಆ ಕಡ್ಡಿಯ ದಪ್ಪವೇ ಕಾಟಾದ ಮೇಲೆ ಕಾಣುವ ತೂಕ.

ನಾನು ಕೆಲಸ ಕಲಿತಾಗ ಬ್ಯಾಟರಿ ಅಂದರೆ ಕಪ್ಪು ಎಬೊನೈಟ್ ಪೆಟ್ಟಿಗೆ. ಮೇಲೆ ಡಾಂಬರಿನಂಥ ಕರಿ ಮೇಣ, ಸೆಲ್ಲಿನಿಂದ ಸೆಲ್ಲಿಗೆ ಸೀಸದ ಪಟ್ಟಿ. ಸತ್ತ ಸೆಲ್ ಯಾವುದು ಅಂತ ಪಟ್ಟಿಯ ಮೇಲೆ ಎರಡು ಮೊನೆಯ ಟೆಸ್ಟರ್ ಒತ್ತಿ ಹಿಡಿದರೆ ಮುಳ್ಳು ಬಿದ್ದು ಹೇಳುತ್ತಿತ್ತು. ಆಮೇಲೆ ಮೇಣವನ್ನು ಬಿಸಿ ಮಾಡಿ ಕೆರೆದು, ಪಟ್ಟಿಗೆ ಡ್ರಿಲ್ ಹಾಕಿ ಬಿಡಿಸಿ, ಪ್ಲೇಟಿನ ಗುಂಪನ್ನು ಎರಡೂ ಕೈಯಲ್ಲಿ ನೇರ ಮೇಲಕ್ಕೆ ಎಳೆಯಬೇಕು. ಓರೆ ಎಳೆದರೆ ಪಕ್ಕದ ಪ್ಲೇಟ್ ಹೋಯಿತು. ನಡುವೆ ಕಟ್ಟಿಗೆಯ ಸೆಪರೇಟರ್. ಹೊಸ ಪ್ಲೇಟ್ ಇಳಿಸಿ, ಗ್ಯಾಸ್ ಬತ್ತಿಯಿಂದ ಸೀಸದ ಕಡ್ಡಿಯನ್ನು ತೊಟ್ಟು ತೊಟ್ಟಾಗಿ ಕರಗಿಸಿ ಜೋಡಿಸುವುದಕ್ಕೆ ‘ಲೆಡ್ ಬರ್ನಿಂಗ್’ ಅನ್ನುತ್ತಿದ್ದರು. ಕೈ ಒಂದಿಷ್ಟು ನಿಧಾನವಾದರೆ ಇಡೀ ಪಟ್ಟಿ ಕೆಳಗೆ ಹರಿದುಹೋಗುತ್ತಿತ್ತು. ಕೊನೆಗೆ ಆ್ಯಸಿಡ್ ಹಾಕಿ ರಾತ್ರಿಯೆಲ್ಲ ಮಂದ ಚಾರ್ಜಿಗೆ ಹಚ್ಚುವುದು. ಬೆಳಿಗ್ಗೆ ಬಂದೊಡನೆ ಕೆಲಸ ಕಲಿಸಿದ ಉಸ್ತಾದರು ಕೇಳುತ್ತಿದ್ದ ಮೊದಲ ಮಾತು, “ಗ್ರಾವಿಟಿ ಬಂದೈತೇನ್ಲೇ?” ಹೈಡ್ರೋಮೀಟರಿನ ರಬ್ಬರ್ ಉಂಡೆ ಒತ್ತಿ ನೀರು ಎಳೆದು, ಗಾಜಿನೊಳಗಿನ ತೇಲು ಕಡ್ಡಿ 1250ರ ಗೆರೆಗೆ ಬಂದಿದೆಯೇ ಅಂತ ಬೆಳಕಿಗೆ ಹಿಡಿದು ನೋಡಬೇಕು.

ಆ ಹೊತ್ತಿನಲ್ಲಿ ನಮ್ಮ ನಿಜವಾದ ಡೀಪ್ ಸೈಕಲ್ ಗಿರಾಕಿಗಳು ಮೈಕ್‌ಸೆಟ್ಟಿನವರು. ನಾಟಕ ಕಂಪನಿಯ ಪ್ರಚಾರ, ಗಣೇಶ ಚವತಿ, ಮೊಹರಂ, ಚುನಾವಣೆ. ಆಂಪ್ಲಿಫೈಯರನ್ನು ಟಾಂಗಾದಲ್ಲೋ ಆಟೋದಲ್ಲೋ ಇಟ್ಟು ದಿನವಿಡೀ ಕೂಗಿಸಿ, ಸಂಜೆ ಪೂರ್ತಿ ಸತ್ತ ಬ್ಯಾಟರಿ ತಂದು ಒಗೆಯುತ್ತಿದ್ದರು. ಅವರಿಗೆ ನಾವು ಬೇರೆಯೇ ಬ್ಯಾಟರಿ ಕೊಡುತ್ತಿದ್ದೆವು, ದಪ್ಪ ಪ್ಲೇಟ್ ಹಾಕಿ ನಮ್ಮ ಕೈಯಾರೆ ಕಟ್ಟಿದ್ದು.

ಆಮೇಲೆ ಟಿ.ವಿ.ಯಲ್ಲಿ ರಾಮಾಯಣ ಬಂತು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ಕರೆಂಟ್ ಇರುತ್ತದೆ ಅನ್ನುವ ಭರವಸೆ ಯಾವ ಹಳ್ಳಿಗೂ ಇರಲಿಲ್ಲ. ಸುತ್ತಲಿನ ಊರುಗಳಿಂದ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಶನಿವಾರ ಸಂಜೆ ನಮ್ಮಲ್ಲಿ ಚಾರ್ಜಿಗೆ ಬಿಡುತ್ತಿದ್ದರು. ಟ್ರ್ಯಾಕ್ಟರ್ ಇಲ್ಲದವರು ಬಾಡಿಗೆಗೆ ಒಯ್ಯುತ್ತಿದ್ದರು. ಲೆಕ್ಕ ಹಾಕಿದರೆ ಕಪ್ಪು–ಬಿಳುಪು ಟಿ.ವಿ. ಒಂದು ತಾಸಿಗೆ ತಿನ್ನುವುದು ಎರಡು ಎ.ಎಚ್.ಗಿಂತ ಕಡಿಮೆ. 88 ಎ.ಎಚ್. ಬ್ಯಾಟರಿಗೆ ಅದು ಯಾವ ಲೆಕ್ಕ? ಬ್ಯಾಟರಿ ಕೊಂದದ್ದು ರಾಮಾಯಣ ಅಲ್ಲ. ಅದು ಮುಗಿದ ಮೇಲೂ ವೈರ್ ಬಿಚ್ಚದೆ ಸಂಜೆಯ ಸಿನಿಮಾ, ಮರುದಿನ ಟೇಪ್‌ರೆಕಾರ್ಡರ್, ಆಮೇಲೆ ವಾರಗಟ್ಟಲೆ ಮೂಲೆಯಲ್ಲಿ ಖಾಲಿ ಬಿಟ್ಟದ್ದು. ಖಾಲಿ ಇಟ್ಟ ಬ್ಯಾಟರಿ ದುಡಿದದ್ದಕ್ಕಿಂತ ಬೇಗ ಸಾಯುತ್ತದೆ. ಮಹಾಭಾರತ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಯ ಹಿಂದೆ ಟ್ರ್ಯಾಕ್ಟರ್ ಬ್ಯಾಟರಿಗಳ ಗುಡ್ಡೆಯೇ ಬಿದ್ದಿತ್ತು.

ಎಬೊನೈಟ್ ಹೋಗಿ ಪ್ಲಾಸ್ಟಿಕ್ ಪೆಟ್ಟಿಗೆ ಬಂದಾಗ ನಮ್ಮ ಕೈಕೆಲಸದ ಕಾಲ ಮುಗಿಯಿತು. ಸೆಲ್ಲುಗಳ ಜೋಡಣೆ ಗೋಡೆಯೊಳಗೇ ಆಗಿರುತ್ತದೆ, ಮುಚ್ಚಳ ಬಿಸಿಯಿಂದ ಬೆಸೆದಿರುತ್ತದೆ, ಬಿಚ್ಚುವಂತಿಲ್ಲ. ರಿಪೇರಿಯವರೆಲ್ಲ ಮಾರುವವರಾದೆವು. ಲೋಡ್ ಶೆಡ್ಡಿಂಗಿನ ದೆಸೆಯಿಂದ ಇನ್ವರ್ಟರ್ ಮನೆಮನೆಗೆ ಬಂತು; ಹುಬ್ಬಳ್ಳಿಯ ನವನಗರದಲ್ಲಿ ವಿದ್ಯುತ್ ಕಂಪನಿ ಹೆಸ್ಕಾಂ 2002ರಲ್ಲಿ ಶುರುವಾದಾಗ ಟ್ಯೂಬ್ಯುಲರ್ ಅನ್ನುವ ಹೆಸರು ಗೃಹಿಣಿಯರ ಬಾಯಲ್ಲೂ ಇತ್ತು.

ಸೋಲಾರ್ ಮಾತ್ರ ಹಳ್ಳಿಯ ಕಡೆಯಿಂದ ಬಂತು. 1995ರಲ್ಲಿ ಹರೀಶ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಮನೆಗಳಿಗೆ ಸೋಲಾರ್ ದೀಪ ಹಾಕುವ ಸೆಲ್ಕೋ ಕಂಪನಿ ಕಟ್ಟಿದರು. ಇಂಥ ದೀಪಕ್ಕೆ ಸಾಲ ಕೊಡಲು ಮುಂದೆ ಬಂದ ಮೊದಲಿಗರಲ್ಲಿ ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಇತ್ತು. (2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, 2025ರಲ್ಲಿ ಆ ಹೆಸರೂ ಹೋಯಿತು.) ಆಗ ಸುತ್ತಲಿನ ಬ್ಯಾಟರಿ ಅಂಗಡಿಯವರೆಲ್ಲ ನಕ್ಕಿದ್ದರು: ನಾಲ್ಕು ದೀಪಕ್ಕೆ ಇಷ್ಟು ರೊಕ್ಕವೇ, ಲಾರಿ ಬ್ಯಾಟರಿ ಹಾಕಿದರೆ ಅರ್ಧಕ್ಕೆ ಮುಗಿಯುತ್ತಲ್ಲ ಅಂತ. ಹಾಗೆ ಲಾರಿ ಬ್ಯಾಟರಿ ಹಾಕಿಸಿಕೊಂಡವರು ಎರಡು ಮಳೆಗಾಲ ದಾಟಲಿಲ್ಲ. ಸಾಲದ ಕಂತು ಮುಗಿಯುವವರೆಗೂ ಬ್ಯಾಟರಿ ಬದುಕಬೇಕು ಅನ್ನುವುದನ್ನು ಬ್ಯಾಂಕಿನವರು ನಮಗಿಂತ ಮೊದಲು ಅರಿತಿದ್ದರು.

ಅಗ್ಗದ ಬ್ಯಾಟರಿ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು. ಹಳೆ ಸೀಸವನ್ನು ಊರ ಹೊರಗೆ ಬಯಲಲ್ಲಿ ಕರಗಿಸಿ, ಆ್ಯಸಿಡನ್ನು ಚರಂಡಿಗೆ ಬಿಟ್ಟರೆ ಖರ್ಚು ಕಡಿಮೆ. 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿದ ಸೀಸ ಸಿಕ್ಕಿತ್ತು. ಪೆಟ್ರೋಲಿನ ಪಾಲು ಅದರಲ್ಲಿ ದೊಡ್ಡದು, ನಮ್ಮ ಧಂದೆಯ ಪಾಲೂ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ತುಪ್ಪಿಲ್ ವೆಂಕಟೇಶ ಸೀಸದ ವಿಷ ತಡೆಯುವ ಕೆಲಸದಲ್ಲೇ ಜೀವ ಸವೆಸಿದವರು. 2001ರ ಬ್ಯಾಟರಿ ನಿಯಮ ಬಂದ ಮೇಲೆ ಹಳೆ ಬ್ಯಾಟರಿ ವಾಪಸ್ ಪಡೆಯುವುದು ಮಾರಾಟಗಾರನ ಹೊಣೆಯಾಯಿತು. 2022ರಲ್ಲಿ ಇನ್ನೂ ಬಿಗಿಯಾಯಿತು. ಉಸ್ತಾದರ ಕಾಲದಲ್ಲಿ ನಾವು ಸೀಸ ಮುಟ್ಟಿದ ಕೈಯಲ್ಲೇ ಗಿರಮಿಟ್ ತಿನ್ನುತ್ತಿದ್ದೆವು.

ಇಷ್ಟೆಲ್ಲ ಹೇಳಿದ್ದು ನನ್ನಲ್ಲಿಗೆ ಬಂದ ಒಂದು ಹಳೆ ಬಸ್ಸಿನ ಬ್ಯಾಟರಿಗಾಗಿ. ಧಾರವಾಡದ ಟಾಟಾ ಬಸ್ ಕಾರ್ಖಾನೆಯಿಂದ ಹೊಸ ಬಸ್ಸುಗಳು ಹೊರಬೀಳುವ ಸೀಮೆಯಲ್ಲೇ ಹಳೆಯವು ಹರಾಜಾಗುತ್ತವೆ. ವಾಯವ್ಯ ಸಾರಿಗೆಯ ಮುಖ್ಯ ಕಚೇರಿ 1997ರಿಂದ ಹುಬ್ಬಳ್ಳಿಯಲ್ಲೇ ಇದೆ. ಹಳೆ ಬಸ್ಸಿಗೆ ಹೊಸ ಕೆಲಸ ಹಚ್ಚುವುದು ಈಗ ವಿಚಿತ್ರವಲ್ಲ. 2020ರ ಆಗಸ್ಟಿನಲ್ಲಿ ಕೆ.ಎಸ್.ಆರ್.ಟಿ.ಸಿ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹಳೆ ಬಸ್ಸೊಂದನ್ನು ಮಹಿಳೆಯರ ಶೌಚಾಲಯ ಮಾಡಿ, ಅದರ ದೀಪಕ್ಕೆ ಸೋಲಾರ್ ಹಾಕಿ ನಿಲ್ಲಿಸಿತ್ತು. ನನ್ನಲ್ಲಿಗೆ ಬಂದವರು ಇಬ್ಬರು ತರುಣರು, ಬಸ್ಸಿನಲ್ಲಿ ಮಂಚ, ಒಲೆ, ಫ್ರಿಜ್ ಕೂಡಿಸಿ ದಾಂಡೇಲಿ, ಗೋಕರ್ಣ ಅಂತ ತಿರುಗುವವರು. “ಕಾಕಾ, ಲಿಥಿಯಂ ಭಾಳ ಹಗುರ ಅಂತಾರ್ರೀ” ಅಂದರು. ಐವತ್ತು ಮಂದಿಯನ್ನು, ಅವರ ಜೋಳದ ಚೀಲಗಳನ್ನು ಹೊತ್ತು ತಿರುಗಿದ ಬಸ್ಸಿಗೆ ಐವತ್ತು ಕಿಲೋ ಹೆಚ್ಚಾದರೇನು, ಕಡಿಮೆಯಾದರೇನು? ಹಗುರು ಅನ್ನುವುದು ಸ್ಕೂಟರಿಗೆ ಗುಣ.

ಲೆಕ್ಕಕ್ಕೆ ಕೂತೆವು. ಫ್ರಿಜ್ ದಿನಕ್ಕೆ 600 ವಾಟ್-ಅವರ್. 28 ವಾಟಿನ ಎರಡು ಫ್ಯಾನ್ ಎಂಟು ತಾಸು, ಹತ್ತಿರ ಹತ್ತಿರ 450. ದೀಪ, ಫೋನ್ ಸೇರಿ 150. ಒಟ್ಟು 1200. ಬಸ್ಸು 24 ವೋಲ್ಟಿನದು. 12 ವೋಲ್ಟ್ 100 ಎ.ಎಚ್. ಎರಡನ್ನು ಸಾಲಾಗಿ ಜೋಡಿಸಿದರೆ 2400. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಸರಿಯಾಗಿ 1200. ನಿಂತ ಬ್ಯಾಟರಿ 12.2 ವೋಲ್ಟಿನ ಆಸುಪಾಸು ತೋರಿಸಿತೆಂದರೆ ಅರ್ಧ ಮುಗಿದಿದೆ, ಸ್ವಿಚ್ ಆರಿಸಬೇಕು. ಚಾವಣಿ ಮೇಲೆ 400 ವಾಟ್ ಪ್ಯಾನಲ್ ಇದ್ದರೆ ನಮ್ಮ ಬಿಸಿಲಿಗೆ ದಂಡಿಯಾಯಿತು, ದಾಂಡೇಲಿಯ ಮಳೆಗೆ ಸಾಲದು. ಸ್ಟಿಕರಿನಲ್ಲಿ ಸಿ-10 ಅಂತ ಇರಬೇಕು, ಹತ್ತು ತಾಸಿನಲ್ಲಿ ಇಳಿಸಿ ಅಳೆದ ಅಂಕಿ. ಸಿ-20 ಅಂದರೆ ಇಪ್ಪತ್ತು ತಾಸು ನಿಧಾನ ಇಳಿಸಿ ದೊಡ್ಡದು ಮಾಡಿದ ಅಂಕಿ. ಬೆಲೆ ಹೋಲಿಸುವವರು ಇಲ್ಲೇ ಎಡವುತ್ತಾರೆ.

ಲಿಥಿಯಂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಸ್ಸಿಗೆ ಯೋಗ್ಯವಾದ ಲಿಥಿಯಂ-ಐರನ್-ಫಾಸ್ಫೇಟ್ ಬಗೆ 1997ರಲ್ಲಿ ಟೆಕ್ಸಾಸಿನಲ್ಲಿ ಬೆಳಕಿಗೆ ಬಂದದ್ದು. ಅದನ್ನು ಸಾರಿದ ಪ್ರಬಂಧದ ಮೇಲಿನ ಹೆಸರುಗಳು ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮಧ್ಯದ ಹೆಸರು ಓದಿದಾಗ ನನ್ನ ಕಿವಿ ನೆಟ್ಟಗಾಗಿತ್ತು. ಈ ಬಗೆಯ ಬ್ಯಾಟರಿಯನ್ನು ನೂರಕ್ಕೆ ಎಂಬತ್ತು ಇಳಿಸಿದರೂ ಸಾವಿರಾರು ಸಲ ತಡೆಯುತ್ತದೆ, ನೀರು ಕೇಳುವುದಿಲ್ಲ, ಓರೆಯಾದರೆ ಚೆಲ್ಲುವುದಿಲ್ಲ. ದಿನಾ ಬಸ್ಸಿನಲ್ಲೇ ಬದುಕುವವರಾದರೆ ಅದನ್ನೇ ಹಾಕಿಸಿಕೊಳ್ಳಿ ಅನ್ನುತ್ತೇನೆ. ಇವರು ರಜೆ ಸಿಕ್ಕಾಗ ಮಾತ್ರ ಹೊರಡುವವರು. ವರ್ಷಕ್ಕೆ ನೂರು ಸಲವೂ ಇಳಿಸದವರಿಗೆ ಸಾವಿರಾರು ಸಲದ ಬೆಲೆ ಯಾಕೆ?

ಎತ್ತರದ ಟ್ಯೂಬ್ಯುಲರ್ ಬೇಡ ಅಂದೆ. ಅದು ಮನೆಯ ಮೂಲೆಯಲ್ಲಿ ನಿಲ್ಲಲು ಮಾಡಿದ್ದು, ಘಟ್ಟದ ತಿರುವಿನಲ್ಲಿ ಓಲಾಡುತ್ತದೆ. ಗಿಡ್ಡ ಟ್ಯೂಬ್ಯುಲರ್ ಎರಡು, ಮಂಚದ ಕೆಳಗಲ್ಲ, ಚಾಸಿಗೆ ತೂಗುಬಿಟ್ಟ ಗಾಳಿಯಾಡುವ ಪೆಟ್ಟಿಗೆಯಲ್ಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಪಕ್ಕದಲ್ಲಿ ಒಲೆ ಇರುವುದು ಒಳ್ಳೆಯದಲ್ಲ. ಅಪ್ಪನ ಡಬ್ಬಿ ಬ್ಯಾಟರಿಗಳೂ ಹೊರಗಿನ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಸ್ಟಾರ್ಟಿಂಗ್ ಬ್ಯಾಟರಿಗೂ ಇದಕ್ಕೂ ನೇರ ವೈರ್ ಬೇಡ, ಇಲ್ಲದಿದ್ದರೆ ಫ್ರಿಜ್ ತಣ್ಣಗಿದ್ದು ಬಸ್ಸು ನಿಲ್ಲುತ್ತದೆ.

ಅವರು ಬೇರೆ ಅಂಗಡಿಯ ರೇಟನ್ನೂ ಫೋನಿನಲ್ಲಿ ತೋರಿಸಿದರು, ನನ್ನದಕ್ಕಿಂತ ಎರಡು ಸಾವಿರ ಕಡಿಮೆ. ತರ್ರಿ, ತೂಗೋಣ ಅಂದೆ. ಮರುದಿನ ನಿಜಕ್ಕೂ ಹೊತ್ತು ತಂದರು. ಕಾಟಾದ ಮೇಲೆ ನನ್ನ ಬ್ಯಾಟರಿಗಿಂತ ಏಳು ಕಿಲೋ ಕಡಿಮೆ ಬಂತು. ತಂದದ್ದನ್ನು ವಾಪಸ್ ಒಯ್ದರು. ಬಸ್ಸಿನ ಹಳೆ ಎರಡು ಬ್ಯಾಟರಿಗಳನ್ನು ನಾನು ತೂಗಿ ತೆಗೆದುಕೊಂಡು, ಆ ರೊಕ್ಕವನ್ನು ಹೊಸದರ ಬಿಲ್ಲಿನಲ್ಲಿ ಕಳೆದೆ. ಉಳಿದದ್ದನ್ನು ಎರಡು ಕಂತಿನಲ್ಲಿ ಕೊಡುವುದಾಗಿ ಹೇಳಿದ್ದಾರೆ, ಒಂದು ಬಂದಿದೆ.