ಅತ್ತೆಯ ಕ್ಯಾಸೆಟ್ಟು

ನಮ್ಮ ಮನೆಯ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳನ್ನು ಕಟ್ಟಿಟ್ಟ ಗೋಣಿಚೀಲದ ಪಕ್ಕದಲ್ಲಿ, ಎರಡು ವಿಡಿಯೋ ಕ್ಯಾಸೆಟ್ಟುಗಳು ಬಹಳ ವರ್ಷ ಬಿದ್ದಿದ್ದವು. ಒಂದು 1993ರಲ್ಲಿ ರಾಯಚೂರಿನಲ್ಲಿ ನಡೆದ ನನ್ನ ಮದುವೆಯದು. ಇನ್ನೊಂದರ ಮೇಲೆ ಅಣ್ಣನ ಅಕ್ಷರದಲ್ಲಿ ‘ಅತ್ತಿಯ ಹಳೇ ಹಾಡು, ಮಾನ್ವಿ, 1997’ ಎಂದು ಬರೆದಿತ್ತು.

ಮದುವೆಯ ಕ್ಯಾಸೆಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಆ ಕಾಲದ ಮದುವೆ ವಿಡಿಯೋ ನಿಮ್ಮ ಮನೆಯಲ್ಲೂ ಇದ್ದೀತು. ಕಣ್ಣು ಕುಕ್ಕುವ ದೀಪ, ಆ ದೀಪದ ಝಳಕ್ಕೆ ಇಳಿಯುವ ಕುಂಕುಮ, ಮದುಮಗಳ ಮುಖ ಹೃದಯಾಕಾರದಲ್ಲಿ ಮೂಡಿ ಗುಲಾಬಿ ಹೂವಾಗಿ ಮಾಯವಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ಮಂಟಪದ ನಿಜವಾದ ಸದ್ದನ್ನು ಅಳಿಸಿ ಅದರ ಜಾಗದಲ್ಲಿ ಸಿನಿಮಾ ಹಾಡು ಸೇರಿಸುವುದು. ನನ್ನ ಸೋದರತ್ತೆ ಹಸೆಯ ಮುಂದೆ ಕುಳಿತು ಅರ್ಧ ಗಂಟೆ ಹಾಡಿದ್ದಳು. ಕ್ಯಾಸೆಟ್ಟಿನಲ್ಲಿ ಅವಳ ತುಟಿ ಅಲುಗಾಡುತ್ತದೆ, ಬಳೆ ಅಲುಗಾಡುತ್ತದೆ, ಕೇಳಿಸುವುದು ಮಾತ್ರ ಯಾವುದೋ ಹಿಂದಿ ಚಿತ್ರದ ಯುಗಳಗೀತೆ. ಆಗ ನಮಗೆ ಅದೇ ಚೆಂದ ಕಂಡಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ವಿಡಿಯೋದವನನ್ನು ಯಾರೂ ಬೈಯಲಿಲ್ಲ.

ಎರಡನೆಯ ಕ್ಯಾಸೆಟ್ಟು ಹಾಗಲ್ಲ. ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದ ಅಣ್ಣ ದೀಪಾವಳಿಗೆ ಬಂದಾಗ ಅಂಗೈಯಗಲದ ಕ್ಯಾಮೆರಾ ತಂದಿದ್ದ. ಮಾನ್ವಿಯ ಮನೆಯ ಪಡಸಾಲೆಯಲ್ಲಿ ಅತ್ತೆಯನ್ನು ಕೂರಿಸಿ, ‘ಹಾಡು ಅತ್ತಿ, ಹಳೇವೆಲ್ಲಾ ಹಾಡು’ ಎಂದ. ಅವಳು ಹಾಡಿದಳು. 2001ರಲ್ಲಿ ಅತ್ತೆ ತೀರಿಕೊಂಡಳು. ಆಮೇಲೆ ಕ್ಯಾಸೆಟ್ಟು ಹಾಕುವ ಯಂತ್ರವೇ ಮನೆಯಿಂದ ಹೋಯಿತು. ಜಪಾನಿನಲ್ಲಿ ಅಂಥ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ಕೈಬಿಟ್ಟಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಅಟ್ಟದ ನೆನಪಾಯಿತು. ಇಳಿಸಿ ನೋಡಿದರೆ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ರಾಯಚೂರಿನಲ್ಲೇ ಹುಡುಕಾಡಿ, ರಿಪೇರಿ ಅಂಗಡಿಯ ಹಿರಿಯರೊಬ್ಬರಿಂದ ಒರೆಸಿಸಿ, ಕಂಪ್ಯೂಟರಿಗೆ ಇಳಿಸಿಕೊಂಡೆ. ಎರಡು ಕಡೆ ಚಿತ್ರ ಹರಿದಂತಾಗುತ್ತದೆ. ಧ್ವನಿ ಉಳಿದಿದೆ.

ನಾನು ಶಾಲೆಯಲ್ಲಿ ಇತಿಹಾಸ ಕಲಿಸುವವಳು. ಪಾಠದಲ್ಲಿ ನಮ್ಮ ಸೀಮೆ ಬರುವುದು ಯುದ್ಧಭೂಮಿಯಾಗಿ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಬಡಿದಾಡಿದರು, 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ, ಮಕ್ಕಳು ಇಸವಿ ಬಾಯಿಪಾಠ ಮಾಡುತ್ತಾರೆ. ಆದರೆ ಇದೇ ಎರಡು ಹೊಳೆಗಳ ನಡುವೆ ಹದಿನೆಂಟನೆಯ ಶತಮಾನದಲ್ಲಿ ಹಾಡು ಕಟ್ಟಿ ಹಾಡುವವರ ಒಂದು ಸಾಲೇ ಎದ್ದು ಬಂತೆಂಬುದು ಆ ಪಾಠದಲ್ಲಿ ಇಲ್ಲ. ಮಾನ್ವಿ ತಾಲೂಕಿನ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದ ದಾಸಪ್ಪ ಬಡತನದಲ್ಲಿ ಊರೂರು ಅಲೆದು, ಕಾಶಿಗೆ ಹೋಗಿ ಬಂದು, ವಿಜಯದಾಸರಾದರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಭಾಗಣ್ಣ. ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು. ಮೂವರ ಊರುಗಳನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು, ಬಸ್ಸು ಸಮಯಕ್ಕೆ ಸಿಕ್ಕರೆ!

ಜಗನ್ನಾಥದಾಸರ ಕಥೆಯನ್ನು ಅತ್ತೆ ಹೇಳುತ್ತಿದ್ದ ರೀತಿಯೇ ಬೇರೆ. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರಾಗಿದ್ದ ಅವರಿಗೆ, ಕನ್ನಡದಲ್ಲಿ ಹಾಡಿಕೊಂಡು ತಿರುಗುವವರೆಂದರೆ ತಾತ್ಸಾರ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರು. ನೆಪದ ನೋವು ನಿಜದ ನೋವಾಯಿತು. ಕೊನೆಗೆ ವಿಜಯದಾಸರೇ ಅವರನ್ನು ಗೋಪಾಲದಾಸರ ಬಳಿಗೆ ಕಳಿಸಿದರಂತೆ. ಗೋಪಾಲದಾಸರು ಕೊಟ್ಟದ್ದು ಕಷಾಯವಲ್ಲ, ಜೋಳದ ರೊಟ್ಟಿ. ಜೊತೆಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರೆಂದು ಹೇಳುತ್ತಾರೆ. ಗೋಪಾಲದಾಸರು 1762ರಲ್ಲಿ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು, ಶಿಷ್ಯರು 1809ರವರೆಗೆ ಬದುಕಿದರು. ಲೆಕ್ಕ ಸರಿಹೋಗುವಂತೆ ಕಥೆ ಹುಟ್ಟಿತೋ ಏನೋ, ಇತಿಹಾಸದ ಟೀಚರಾಗಿ ನನಗೆ ಅನುಮಾನ. ಅತ್ತೆಗೆ ಆಯುಷ್ಯದ ಲೆಕ್ಕಕ್ಕಿಂತ ರೊಟ್ಟಿಯದೇ ದೊಡ್ಡ ವಿಷಯವಾಗಿತ್ತು. ‘ಶಾಸ್ತ್ರ ಓದಿದವರಿಗೂ ಕಡೀಕ ಬೇಕಾದ್ದು ರೊಟ್ಟಿನs’ ಎನ್ನುತ್ತಿದ್ದಳು.

ಮಾನ್ವಿಯಲ್ಲಿ ಜಗನ್ನಾಥದಾಸರು ಇದ್ದ ಮನೆ, ಅವರ ಸನ್ನಿಧಾನ ಇದೆಯೆಂದು ನಂಬುವ ಕಂಬ ಇಂದಿಗೂ ಇವೆ. ಭಾದ್ರಪದ ಶುದ್ಧ ನವಮಿಗೆ ಆರಾಧನೆ. ಆದರೆ ಆ ಕಂಬಕ್ಕೆ ಒರಗಿ ಅವರು ಹಾಡಿದ ಧ್ವನಿ ಎಂಥದ್ದು, ಗೋಪಾಲದಾಸರು ಸುಳಾದಿಯನ್ನು ಯಾವ ಧಾಟಿಯಲ್ಲಿ ಎತ್ತಿಕೊಂಡರು, ಇವೆಲ್ಲ ಹೋದವು. ಉಳಿದದ್ದು ಮಾತು ಮತ್ತು ಅಂಕಿತ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಕೊನೆಯ ನುಡಿಯಲ್ಲಿ ಬರುವ ಆ ಮುದ್ರೆಯೊಂದೇ ಇದು ಇಂಥವರ ಹಾಡು ಎನ್ನಲು ಗುರುತು. 1850ರ ಹೊತ್ತಿಗೆ ಮಂಗಳೂರಿನಲ್ಲಿ ಜರ್ಮನಿಯ ಪಾದ್ರಿ ಮೊಗ್ಲಿಂಗರು ದಾಸರ ಪದಗಳನ್ನು ಅಚ್ಚು ಹಾಕಿಸಿದರು. ನಮ್ಮ ಕಡೆ ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರು ಹಸ್ತಪ್ರತಿ ಕೂಡಿಸಿ ಪುಸ್ತಕಗಳ ಮೇಲೆ ಪುಸ್ತಕ ತಂದರು. ಪುಸ್ತಕಕ್ಕೆ ಬರುವವರೆಗೂ, ಬಂದ ಮೇಲೂ, ಹಾಡನ್ನು ಹೊತ್ತವರು ಬಹುಪಾಲು ಹೆಂಗಸರು. ಪ್ರತಿ ಮನೆಯಲ್ಲೂ ಒಂದು ಹಾಡಿನ ನೋಟುಬುಕ್ಕು, ಎಣ್ಣೆ ಕಲೆ, ಅರಿಶಿನದ ಬೆರಳಚ್ಚು, ತಪ್ಪು ಕಾಗುಣಿತ. ಜಗನ್ನಾಥದಾಸರೂ ತಮ್ಮ ತ್ರಿಪದಿಗಳಿಗೆ ತತ್ತ್ವಸುವ್ವಾಲಿ ಎಂಬ ಹೆಸರಿನಲ್ಲಿ ಹೆಂಗಸರು ಕುಟ್ಟುವಾಗ ಹಾಡುವ ಸುವ್ವಿಯನ್ನೇ ತಂದುಕೊಂಡರಲ್ಲ.

ಅಂಕಿತ ಮಾತ್ರ ಹೆಂಗಸರಿಗೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಅದನ್ನು ಗುರು ಕೊಡಬೇಕು. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನಿಗೆ ಕೊಟ್ಟವರು ನಮ್ಮ ಗೋಪಾಲದಾಸರೇ ಎಂಬ ಐತಿಹ್ಯ ಕೇಳಿದಾಗ ನನಗೆ ನಮ್ಮೂರಿನ ಬಗ್ಗೆ ಹೆಮ್ಮೆಯಾಗಿತ್ತು. ಮುಂದಿನ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಎಂದು ಹಾಡಿದಳು, ಆಕೆಗೆ ಅಂಕಿತ ಕನಸಿನಲ್ಲಿ ಬಂತೆನ್ನುತ್ತಾರೆ. ಗುರುವೂ ಇಲ್ಲದ, ಕನಸೂ ಬೀಳದ ಹೆಂಗಸರು ಹಾಡು ಕಟ್ಟಲಿಲ್ಲವೆಂದು ಹೇಗೆ ಹೇಳುವುದು?

ಅಣ್ಣನ ಕ್ಯಾಸೆಟ್ಟಿಗೆ ಬರುತ್ತೇನೆ. ಅತ್ತೆ ಮೊದಲು ವಿಜಯದಾಸರದೊಂದು, ಗೋಪಾಲದಾಸರದೊಂದು ಹಾಡುತ್ತಾಳೆ. ಆಮೇಲೆ ಸುವ್ವಿ ಧಾಟಿಯ ಒಂದು ಹಾಡು. ಚಿಕ್ಕಂದಿನಿಂದ ನಾವು ಕೇಳಿದ್ದೇ. ಗೌರಿಹಬ್ಬಕ್ಕೂ, ಹಪ್ಪಳ ಲಟ್ಟಿಸುವಾಗಲೂ ಅದನ್ನು ಹಾಡುತ್ತಿದ್ದಳು. ಅಣ್ಣ ಕ್ಯಾಮೆರಾ ಹಿಂದಿನಿಂದ ಕೇಳುತ್ತಾನೆ: ‘ಇದು ಯಾರ ಹಾಡು ಅತ್ತೀ?’

‘ಹಳೇದು.’

‘ಹಳೇದಂದ್ರ ಯಾರದು? ಅಂಕಿತ ಇಲ್ಲಲ್ಲ?’

ಅತ್ತೆ ಸೆರಗು ಸರಿಮಾಡಿಕೊಂಡು ನಗುತ್ತಾಳೆ. ‘ಅಂಕಿತ ಇಲ್ಲದ್ದು ಯಾರದಂತ ಹೇಳ್ಲಿ? ಹಾಡ್ಲೋ, ಬಿಡ್ಲೋ?’

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕ್ಯಾಮೆರಾ ಬ್ಯಾಟರಿಯ ಮೇಲೆ ನಡೆದೇ ಇರುತ್ತದೆ. ಪರದೆ ಕಪ್ಪಾಗಿ, ಅತ್ತೆಯ ಹಾಡು ಮುಂದುವರಿಯುತ್ತದೆ. ನಾನು ಮೊದಲ ಸಲ ಆ ಹಾಡಿನ ಮಾತುಗಳನ್ನು ಗಮನವಿಟ್ಟು ಕೇಳಿದ್ದು ಆ ಕತ್ತಲಲ್ಲಿ. ಮುಖ ಕಂಡಿದ್ದರೆ ಮುಖವನ್ನೇ ನೋಡುತ್ತಿದ್ದೆನೇನೋ.

ಆಕಾಶದಿಂದ ಬರುವ ಬೊಂಬೆಗಳ ಡಬ್ಬಿಯೊಂದು ಊರ ಶಾಲೆಗೆ ಬಂದಿದೆ. ಕೋಳಿಬಲೆ ಕಟ್ಟಿ ಅದನ್ನು ಹಿಡಿದಿದ್ದಾರೆ. ಡಬ್ಬಿಯೊಳಗೆ ಹೊಲ ಕಾಣುತ್ತದೆ, ಮಳೆ ಕಾಣುತ್ತದೆ, ನಮ್ಮ ಕೆರೆಯಲ್ಲಿ ಮಾತ್ರ ನೀರಿಲ್ಲ. ದೂರದೂರದ ಊರನ್ನೆಲ್ಲ ತೋರಿಸುವ ಡಬ್ಬಿಯೇ, ನನ್ನ ತವರನ್ನೊಮ್ಮೆ ತೋರಿಸು, ತಲಬಾಗಿಲ ಮುಂದಿನ ರಂಗೋಲಿ ತೋರಿಸು, ಅಣ್ಣ ಬಂಡಿ ಹೂಡಿದನೋ ಇಲ್ಲವೋ ತೋರಿಸು ಎಂದು ಹೆಣ್ಣು ಕೇಳುತ್ತಾಳೆ. ಹಾಡಿನ ಸಾರ ಇಷ್ಟು.

ಟೇಪು ನಿಲ್ಲಿಸಿ ಸುಮ್ಮನೆ ಕುಳಿತೆ. ಇದು ಹಳೆಯ ಹಾಡಾಗಲು ಸಾಧ್ಯವೇ ಇಲ್ಲ. ಅಮೆರಿಕದ ಉಪಗ್ರಹವೊಂದನ್ನು ಬಳಸಿ ಭಾರತದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ಪ್ರಯೋಗ ನಡೆದದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ನಮ್ಮ ಹಳ್ಳಿಯ ಜನ ಅದಕ್ಕಿಂತ ಆರು ವರ್ಷ ಮೊದಲೇ ಟಿ.ವಿ. ನೋಡಿದ್ದರು ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಆ ಪ್ರಯೋಗದ ಆಂಟೆನಾ ನಿಜಕ್ಕೂ ಕೋಳಿಗೂಡಿಗೆ ಹಾಕುವ ತಂತಿಬಲೆಯದೇ. ವರ್ಷ ಮುಗಿದ ಮೇಲೆ ಉಪಗ್ರಹವನ್ನು ಬೇರೆಡೆಗೆ ಸರಿಸಿದರು, ಶಾಲೆಯ ಡಬ್ಬಿಗಳು ಕುರುಡಾದವು. ಶಾಸನವೊಂದರಲ್ಲಿ ಇಸವಿ ಇಲ್ಲದಿದ್ದರೆ ಒಳಗಿನ ಆಧಾರದಿಂದ ಕಾಲ ನಿರ್ಣಯ ಮಾಡಬೇಕೆಂದು ಬೋರ್ಡಿನ ಮೇಲೆ ಬರೆಯುವ ನಾನು, ಮನೆಯಲ್ಲೇ ಇಪ್ಪತ್ತು ವರ್ಷ ಕೇಳಿದ ಹಾಡಿನ ಕಾಲ ನೋಡಿರಲಿಲ್ಲ!

1975ರಲ್ಲಿ ಅತ್ತೆ ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ, ಗಂಡನ ಮನೆಯಲ್ಲಿದ್ದಳು. ಆ ಊರ ಶಾಲೆಗೆ ಟಿ.ವಿ. ಬಂದಿತ್ತೆಂದು ಅಪ್ಪ ಹೇಳುತ್ತಿದ್ದದ್ದು ನನಗೆ ನೆನಪಿದೆ. ಅಪ್ಪ ಹೇಳುತ್ತಿದ್ದ ಇನ್ನೊಂದು ಮಾತೂ ನೆನಪಿದೆ: 1972ರ ಬರದ ನಂತರ ಕೈ ಬಿಗಿಯಾಗಿ ನಾಲ್ಕು ವರ್ಷ ತಂಗಿಯನ್ನು ಕರೆದುತರಲು ಹೋಗಲಾಗಲಿಲ್ಲ. ಮಾನ್ವಿಯಿಂದ ಆ ಊರಿಗೆ ಎರಡು ಬಸ್ಸು ಬದಲಿಸಿದರೆ ಅರ್ಧ ದಿನ. ಬೀಗರ ಮನೆಗೆ ಬರಿಗೈಲಿ ಹೇಗೆ ಹೋಗುವುದು ಎಂಬುದು ಅಪ್ಪನ ಬಿಗುಮಾನ. 1980ರಲ್ಲಿ ಗಂಡ ಸತ್ತ ಮೇಲೆ ಅತ್ತೆ ನಮ್ಮಲ್ಲಿಗೆ ಬಂದಳು, ಬಂದವಳು ಕೊನೆಯತನಕ ಇದ್ದಳು. ಬಂಡಿ ಹೂಡದ ಅಣ್ಣನ ಹಾಡನ್ನು ಅಣ್ಣನ ಪಡಸಾಲೆಯಲ್ಲೇ ಕುಳಿತು ವರ್ಷಗಟ್ಟಲೆ ಹಾಡಿದಳು. ಅಪ್ಪ ತೂಗುಮಣೆಯ ಮೇಲೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವರಿಗೆ ತಿಳಿದಿತ್ತೋ ಇಲ್ಲವೋ, ಕೇಳೋಣವೆಂದರೆ ಈಗ ಅವರಿಲ್ಲ.

ಕೊನೆಯ ನುಡಿ ಕ್ಯಾಸೆಟ್ಟಿನಲ್ಲಿ ಇಲ್ಲ. ಬ್ಯಾಟರಿ ಮುಗಿದು ನಡುವೆಯೇ ನಿಂತಿದೆ. ಅದಕ್ಕಾಗಿ ಹೋದ ವರ್ಷ ಬೇಸಿಗೆ ರಜೆಯಲ್ಲಿ ಅತ್ತೆಯ ಗಂಡನ ಊರಿಗೆ ಹೋದೆ. ಅವಳ ಓರಗೆಯ ನೆರೆಮನೆಯವರೊಬ್ಬರು ಇನ್ನೂ ಗಟ್ಟಿಯಾಗಿದ್ದರು. ಧಾಟಿ ಗುನುಗುತ್ತಲೇ ಅವರು ಎತ್ತಿಕೊಂಡರು. ಆದರೆ ಅವರ ಬಾಯಲ್ಲಿ ‘ಡಬ್ಬಿ’ ಇರಲಿಲ್ಲ, ‘ಕನ್ನಡಿ’ ಇತ್ತು. ಕೋಳಿಬಲೆಯ ನುಡಿಯೇ ಇರಲಿಲ್ಲ. ಕೊನೆಯಲ್ಲಿ, ಕೈಮುಗಿದು, ಗೋಪಾಲವಿಠಲನ ಅಂಕಿತ ಸೇರಿಸಿ ಮುಗಿಸಿದರು.

‘ಇದು ಗೋಪಾಲದಾಸರದೇನ್ರಿ?’ ಎಂದೆ.

‘ಮತ್ತ? ನಮ್ಮ ತಾಲೂಕಿನವರs ಅಲ್ಲೇನವಾ ಅವರು!’

ನಾನು ಫೋನು ತೆಗೆದು ಅತ್ತೆಯ ವಿಡಿಯೋ ಹಚ್ಚಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಇದು ಅತ್ತೆಯೇ ಕಟ್ಟಿದ ಹಾಡು, ಇಸವಿ ಕೂಡ ಹೇಳಬಹುದು ಎಂದು ಪಾಠ ಹೇಳುವ ಧ್ವನಿಯಲ್ಲಿ ವಿವರಿಸಿದೆ.

‘ಹಾಡಿದಾಕಿ ಈಕಿ ಖರೆ. ಕಟ್ಟಿದಾಕಿ ಹೆಂಗಾದಾಳು?’ ಎಂದರು.

ವಿಡಿಯೋ ಕತ್ತಲಾಯಿತು. ಕತ್ತಲಿನಿಂದ ಡಬ್ಬಿಯ ನುಡಿ ಬಂತು, ಕೋಳಿಬಲೆ ಬಂತು. ಅವರು ಒಮ್ಮೆಲೇ ನಕ್ಕುಬಿಟ್ಟರು. ‘ಅಯ್ಯ, ಆ ಡಬ್ಬಿ ನಾನೂ ನೋಡೀನವಾ. ಇಬ್ಬರೂ ಕೂಡಿs ಹೋಗಿದ್ವಿ. ಈಕಿ ಅದರ ಮುಂದ ಕೂತು ಅಳಲಿಕ್ಕೆ ಹತ್ತಿದ್ಳು. ಎಲ್ಲರೂ ನಗೋರು, ಈಕಿ ಅಳಾಕಿ. ಯಾಕಂತ ಆವಾಗ ನನಗ ತಿಳೀಲಿಲ್ಲ.’

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವರು ಒಳಗೆ ಹೋಗಿ ಚಹಾ ತಂದರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಫೋನನ್ನು ನನ್ನ ಕಡೆ ಸರಿಸಿ, ‘ಇನ್ನೊಮ್ಮೆ ಹಚ್ಚು, ಆ ಡಬ್ಬೀದು’ ಎಂದರು.