ಹೇಳಿದವರು ಯಾರು?

ಕೆಲವು ವರ್ಷಗಳ ಹಿಂದೆ ಬನದ ಹುಣ್ಣಿಮೆ ಮುಗಿಸಿಕೊಂಡು, ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಬೈಲಹೊಂಗಲಕ್ಕೆ ನೆರೆಮನೆಯವರ ಜೀಪಿನಲ್ಲಿ ಮರಳುತ್ತಿದ್ದೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. “ಎಲ್ಲಾರೂ ಇಳೀರಿ. ಈ ಗಾಡ್ಯಾಗ ಗಾಂಜಾ ಐತಂತ ಫೋನ್ ಬಂದೈತಿ.”

ಗಂಟುಗಳನ್ನೆಲ್ಲ ಬಿಚ್ಚಿಸಿದರು. ರಾಮದುರ್ಗದಿಂದ ಬಂದಿದ್ದ ನೆರೆಯವರ ಸೋದರತ್ತೆಯ ಭಂಡಾರದ ಪೊಟ್ಟಣ ಹರಿದು ರಸ್ತೆಯೆಲ್ಲ ಹಳದಿಯಾಯಿತು. ಗಾಂಜಾ ಸಿಗಲಿಲ್ಲ.

“ಯಾರು ಹೇಳ್ಯಾರ್ರಿ ಸಾಹೇಬ್ರ?” ಎಂದೆ.

“ಅದು ನಿಮಗ್ಯಾಕ್ರಿ?”

ಆ ಉತ್ತರಕ್ಕೆ ಕಾನೂನಿನ ಬೆಂಬಲವಿತ್ತು. ಅಪರಾಧದ ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸರನ್ನು ಒತ್ತಾಯಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಹೆಸರು ಬಯಲಾದರೆ ಯಾರೂ ಬಾಯಿ ಬಿಡಲಾರರು ಎಂಬುದೂ ನಿಜವೇ.

ಆದರೆ ಸುದ್ದಿಗಾರರ ವಿಷಯದಲ್ಲಿ ಕಿತ್ತೂರು ಸೀಮೆಯ ನೆನಪು ಕಹಿಯಾದದ್ದು. ಸಂಗೊಳ್ಳಿ ರಾಯಣ್ಣನನ್ನು 1830ರಲ್ಲಿ ಕಂಪನಿ ಸರಕಾರಕ್ಕೆ ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ಅದೇ ಜನವರಿ 26ರಂದು, 1950ರಲ್ಲಿ, ನಮ್ಮ ಸಂವಿಧಾನ ಜಾರಿಗೆ ಬಂತು.

ಆ ಸಂವಿಧಾನದಲ್ಲಿ ಅಮೆರಿಕದವರಿಗಿರುವಂತೆ ಝಡತಿಯ ವಿರುದ್ಧ ಪ್ರತ್ಯೇಕ ವಿಧಿಯಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹೇಳಿತು. ಈ ಮಾತು ಬದಲಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಖಾಸಗಿ ಬದುಕಿನ ಹಕ್ಕು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು.

ರಸ್ತೆಯಲ್ಲಿ ನಿಂತವನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಾತ್ರ ಒಂದು ಸಣ್ಣ ನಿಯಮ. 1985ರ ಮಾದಕ ವಸ್ತು ಕಾಯ್ದೆಯ 42ನೆಯ ಕಲಮಿನ ಪ್ರಕಾರ, ಯಾರೋ ಕೊಟ್ಟ ಸುದ್ದಿಯ ಮೇಲೆ ಖಾಸಗಿ ವಾಹನ ಶೋಧಿಸುವ ಅಧಿಕಾರಿ ಆ ಸುದ್ದಿಯನ್ನು ಬರೆದುಕೊಳ್ಳಬೇಕು. 72 ಗಂಟೆಯೊಳಗೆ ಪ್ರತಿಯನ್ನು ಮೇಲಧಿಕಾರಿಗೆ ಕಳಿಸಬೇಕು. ಬಸ್ಸಿನಂಥ ಸಾರ್ವಜನಿಕ ವಾಹನದ ಮಾತು ಬೇರೆ. ರಸ್ತೆಯ ಮೇಲಿದ್ದ ಮಾತ್ರಕ್ಕೆ ಖಾಸಗಿ ಜೀಪು ಸಾರ್ವಜನಿಕ ಸ್ಥಳವಾಗದು ಎಂದು 2021ರಲ್ಲಿ ಹರಿಯಾಣದ ಬೂಟಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಕಲಮನ್ನು ಪಾಲಿಸದ ಕಾರಣ ಆರೋಪಿಗಳು ಬಿಡುಗಡೆಯಾದರು.

ಬರೆದ ಸುದ್ದಿಯನ್ನು ಆಮೇಲೆ ತಿದ್ದುವುದು ಕಷ್ಟ. ಬರೆಯದೆ ಬಿಟ್ಟರೆ, ಫೋನು ನಿಜವಾಗಿ ಬಂದಿತ್ತೋ ಇಲ್ಲವೋ ಎಂಬುದೂ ತಿಳಿಯದು.

ಅಂದು ನಾನು ಕೇಳಿದ ಪ್ರಶ್ನೆಯೇ ತಪ್ಪಿತ್ತು. ಇಂದಾದರೆ ಹೀಗೆ ಕೇಳುತ್ತೇನೆ: “ಹೇಳಿದವರ ಹೆಸರು ಬ್ಯಾಡ್ರಿ ಸಾಹೇಬ್ರ. ಹೇಳಿದ್ದನ್ನ ಎಲ್ಲಿ ಬರಕೊಂಡೀರಿ, ಅಷ್ಟ ಹೇಳ್ರಿ.”