ಟಿ.ವಿ. ಪರದೆಯಲ್ಲಿ ಒತ್ತಕ್ಷರಕ್ಕೆ ಜಾಗ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲಿ 16 ಸಾಲುಗಳಿವೆ. 1973ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ರೇಡಿಯೋ-ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟಕ್ಕೆ ಬಂದ ಡಾನ್ ಲಂಕಾಸ್ಟರ್ ಅವರ ‘ಟಿವಿ ಟೈಪ್‌ರೈಟರ್’ ಕೂಡ ಒಂದು ಪರದೆಗೆ 16 ಸಾಲುಗಳನ್ನೇ ತೋರಿಸುತ್ತಿತ್ತು, ಸಾಲಿಗೆ 32 ಅಕ್ಷರ. ಇದು ಬರೀ ಕಾಕತಾಳೀಯ, ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಲು ಬರುವುದಿಲ್ಲ. ಆದರೆ ಶಾಸನಗಳ ಚಿತ್ರಗಳನ್ನು ಟಿ.ವಿ. ಪರದೆಯ ಮೇಲೆ ಹಾಕಿಕೊಂಡು ಓದುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಈ ಎರಡು ಹದಿನಾರುಗಳು ಆಗಾಗ ನೆನಪಾಗುತ್ತವೆ. ಕಲ್ಲು ಕಡೆಯುವವನಿಗೂ ಪರದೆ ವಿನ್ಯಾಸ ಮಾಡುವವನಿಗೂ ಇರುವ ಮೊದಲ ಪ್ರಶ್ನೆ ಒಂದೇ: ಇಷ್ಟು ಜಾಗದಲ್ಲಿ ಎಷ್ಟು ಅಕ್ಷರ ಹಿಡಿಸಬಹುದು?

ಲಂಕಾಸ್ಟರ್ ಮಾಡಿದ್ದು ಕಂಪ್ಯೂಟರ್ ಅಲ್ಲ. ಕೀಲಿಮಣೆಯಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರ ಮನೆಯ ಟಿ.ವಿ.ಯಲ್ಲಿ ಮೂಡುವಂತೆ ಮಾಡುವ ಒಂದು ಸರ್ಕ್ಯೂಟ್ ಅಷ್ಟೆ. ಟಿ.ವಿ.ಗೆ ಆಟದ ಪೆಟ್ಟಿಗೆ ಸಿಕ್ಕಿಸುವುದನ್ನು ಅದರ ಹಿಂದಿನ ವರ್ಷವೇ ಮ್ಯಾಗ್ನಾವಾಕ್ಸ್ ಒಡಿಸ್ಸಿ ತೋರಿಸಿಕೊಟ್ಟಿತ್ತು. ಅಕ್ಷರವನ್ನು ತಂದು ಕೂರಿಸಿದ್ದು ಬೇರೆ ಬಗೆಯ ಸಾಹಸ. ಇದರ ಹಿಂದಿನ ತರ್ಕ ತೀರಾ ಸರಳವಾದದ್ದು. ಕಂಪ್ಯೂಟರಿಗೆಂದೇ ಮಾಡಿದ ಪರದೆ ದುಬಾರಿ, ಟಿ.ವಿ. ಈಗಾಗಲೇ ಮನೆಯಲ್ಲಿದೆ. ಇರುವುದನ್ನೇ ಬಳಸಿಕೊಂಡರೆ ಅರ್ಧ ಖರ್ಚು ಉಳಿಯಿತು. 1977ರ ಆಪಲ್ 2, 1982ರ ಸಿಂಕ್ಲೇರ್ ಸ್ಪೆಕ್ಟ್ರಮ್ ಮತ್ತು ಕಮೊಡೋರ್ 64, ಅದಕ್ಕೆ ತುಸು ಮುಂಚೆ ಬಂದ ಬಿಬಿಸಿ ಮೈಕ್ರೋ ಎಲ್ಲವೂ ಈ ತರ್ಕವನ್ನು ನಂಬಿಯೇ ಮನೆಗಳೊಳಗೆ ಹೆಜ್ಜೆ ಇಟ್ಟವು. ಆಗಿನ ಟಿ.ವಿ.ಗೆ ಆಂಟೆನಾದ ಭಾಷೆ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರ್ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ನಟಿಸಬೇಕಾಗಿತ್ತು. ಮಾಡ್ಯುಲೇಟರ್ ಎಂಬ ಡಬ್ಬಿಯ ಮೂಲಕ ತನ್ನ ಅಕ್ಷರಗಳನ್ನು ಒಂದು ಚಾನೆಲ್ಲಿನ ಅಲೆಯಾಗಿ ಮಾಡಿ ಒಳಗೆ ಕಳಿಸುತ್ತಿತ್ತು. ಗುಂಡಿ ತಿರುಗಿಸಿ ಆ ಚಾನೆಲ್ ಹುಡುಕಿಕೊಳ್ಳುವುದು ಮನೆಯವರ ಕೆಲಸ.

ನಮ್ಮ ಕಡೆ ಈ ತರ್ಕ ನಡೆಯುವಂತಿರಲಿಲ್ಲ. ಮನೆಯಲ್ಲಿ ಮೊದಲು ಟಿ.ವಿ. ಇದ್ದರಲ್ಲವೇ? 1975-76ರ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಟಿ.ವಿ. ಬಂತು. ಕರ್ನಾಟಕದಲ್ಲಿ ಅದು ಹೋದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆಗೆ, ಅದೂ ಊರಿಗೊಂದು ಸಮುದಾಯದ ಟಿ.ವಿ. ಹಾಸನ ಜಿಲ್ಲೆಗೆ ಬಂದದ್ದು ಟಿ.ವಿ.ಯಲ್ಲ, ಅದರ ಲಗಾಮು. 1982ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎಯನ್ನು ನಿಯಂತ್ರಿಸಲು ಇಸ್ರೋ ಹಾಸನದಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಕಟ್ಟಿತು. ಆ ಉಪಗ್ರಹ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಹೋದ ಇನ್ಸಾಟ್-1ಬಿ ಉಳಿಯಿತು, ಅದರ ಬೆನ್ನಿಗೆ ದೇಶದ ಪಟ್ಟಣಗಳಲ್ಲಿ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ಒಂದರ ಹಿಂದೊಂದು ಎದ್ದವು. ಭಾನುವಾರದ ರಾಮಾಯಣವನ್ನು ದೇಶದ ಉದ್ದಗಲಕ್ಕೆ ಹೊತ್ತೊಯ್ಯುವ ವ್ಯವಸ್ಥೆಯ ಚುಕ್ಕಾಣಿ ಬೇಲೂರಿನಿಂದ ಒಂದು ಗಂಟೆಯ ಬಸ್ ಪ್ರಯಾಣದಷ್ಟು ದೂರದಲ್ಲಿತ್ತು. ಹಳೇಬೀಡಿನ ಶಿಲ್ಪಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ಜಿಲ್ಲಾ ಚರಿತ್ರೆಗಳು ಇದಕ್ಕೆ ಒಂದು ಪ್ಯಾರಾ ಕೊಟ್ಟರೆ ಹೆಚ್ಚು. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಟಿ.ವಿ. ಬಂದ ಮೇಲೂ ಕಂಪ್ಯೂಟರ್ ಅದರ ಪಕ್ಕಕ್ಕೆ ಬಂದು ಕೂರಲು ತಡವಾಯಿತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಡಿಸಿತು. ಅದರ ಭಾರತೀಯ ರೂಪವನ್ನು ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ‘ಯೂನಿಕಾರ್ನ್’ ಹೆಸರಿನಲ್ಲಿ ತಯಾರಿಸಿತು. ಪುಣೆಯ ಡೆಸಿಬೆಲ್ಸ್ ಕಂಪನಿ ಸ್ಪೆಕ್ಟ್ರಮ್ಮನ್ನು ಇಲ್ಲಿಯೇ ಜೋಡಿಸಿ ಮಾರಿತು. ಅರಸೀಕೆರೆಯಂಥ ಊರಿನ ನಡುಮನೆಗೆ ನಿಜವಾಗಿ ಬಂದದ್ದು ಇವ್ಯಾವೂ ಅಲ್ಲ, ಕ್ಯಾಸೆಟ್ ಹಾಕುವ ಟಿ.ವಿ. ಗೇಮು. ನನ್ನ ತಲೆಮಾರಿನ ಮಕ್ಕಳು ಬೇಸಿಗೆ ರಜೆಯಲ್ಲಿ ಗಂಟೆಗಟ್ಟಲೆ ಆಡಿದ ಆ ಪೆಟ್ಟಿಗೆಯೂ ಒಂದು ಕಂಪ್ಯೂಟರೇ ಎಂದು ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಬಹುಶಃ ಬೈಗುಳ ಕಡಿಮೆ ಬೀಳುತ್ತಿತ್ತು.

ಇಲ್ಲಿಗೆ ಕನ್ನಡದ ಪ್ರಶ್ನೆಗೆ ಬರುತ್ತೇನೆ. ಹಳೆಯ ಟಿ.ವಿ.ಯ ಒಂದು ಅಡ್ಡಗೆರೆಯಲ್ಲಿ ಬಿಡಿಬಿಡಿಯಾಗಿ ಕಾಣುವುದು ಹೆಚ್ಚೆಂದರೆ 500 ಚಿಲ್ಲರೆ ಚುಕ್ಕೆ. ಅಕ್ಷರಕ್ಕೆ 8 ಚುಕ್ಕೆಯಂತೆ ಸಾಲಿಗೆ 80 ಅಕ್ಷರ ಹಾಕಿದರೆ 640 ಚುಕ್ಕೆ ಬೇಕು, ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಮನೆಬಳಕೆಯ ಕಂಪ್ಯೂಟರುಗಳು 32 ಅಥವಾ 40 ಅಕ್ಷರಕ್ಕೆ ತೃಪ್ತಿಪಟ್ಟವು. ಸ್ಪೆಕ್ಟ್ರಮ್ಮಿನ ಪರದೆ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆ. ಎಂಟಕ್ಕೆ ಎಂಟರ ಚೌಕದಲ್ಲಿ ಇಂಗ್ಲಿಷಿನ ‘ಎ’ ಆರಾಮಾಗಿ ಕೂರುತ್ತದೆ. ನಮ್ಮ ‘ಸ್ತ್ರೀ’ಯನ್ನು ಅಲ್ಲಿ ಕೂರಿಸಿ ನೋಡಿ! ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಕನಿಷ್ಠ ಹದಿನಾರಕ್ಕೆ ಹದಿನಾರರ ಚೌಕವಾದರೂ ಬೇಕು. ಹಾಗೆ ಕೊಟ್ಟರೆ ಪರದೆಯಲ್ಲಿ ಉಳಿಯುವುದು 12 ಸಾಲು, ಸಾಲಿಗೆ 16 ಅಕ್ಷರ. ಹಲ್ಮಿಡಿಯ ಕುಶಲಿ ಕಲ್ಲಿನ ಮೇಲೆ ಹಿಡಿಸಿದ್ದು ಇಂಗ್ಲೆಂಡಿನ ಆ ಪ್ರಸಿದ್ಧ ಕಂಪ್ಯೂಟರಿನ ಒಂದು ಪರದೆಯಲ್ಲಿ ಹಿಡಿಸುತ್ತಿರಲಿಲ್ಲ.

ಚುಕ್ಕೆಗಳು ಹೆಚ್ಚಿದ ಮೇಲೂ ತೊಂದರೆ ತಪ್ಪಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಗಣಕ ಪರಿಷತ್ತಿನ ‘ನುಡಿ’ ಬಂತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಅಕ್ಷರಶೈಲಿ ಬಂತು. ಕಂಪ್ಯೂಟರಿನ ಸ್ವಂತ ಮಾನಿಟರಿನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಪುಟವನ್ನು ಟಿ.ವಿ.ಗೆ ಹರಿಸಿದರೆ ನಡುಕ. ಇದಕ್ಕೆ ಕಾರಣವಿದೆ. ಆ ಟಿ.ವಿ.ಗಳು ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುತ್ತಿದ್ದವು, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಒಂದೇ ಗೆರೆಯಷ್ಟು ತೆಳುವಾದ ಅಡ್ಡ ರೇಖೆ ಎರಡರಲ್ಲಿ ಒಂದು ಕಂತಿನಲ್ಲಿ ಮಾತ್ರ ಇರುತ್ತದೆ, ಅಂದರೆ ಸೆಕೆಂಡಿಗೆ 25 ಸಲ ಮಿಣುಕುತ್ತದೆ. ಸಿನಿಮಾದ ಮುಖಗಳಲ್ಲಿ ಇದು ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಅನೇಕ ಅಕ್ಷರಗಳ ನೆತ್ತಿಯ ಮೇಲೆ ಒಂದು ತಲೆಕಟ್ಟು ಇದೆಯಲ್ಲ! ಸಣ್ಣ ಅಕ್ಷರದ ಪುಟವಾದರೆ ಸಾಲುಸಾಲೇ ಮಿಡುಕುತ್ತಿತ್ತು. ದೂರದರ್ಶನ ಎಂಬ ಹೆಸರನ್ನು ಇಟ್ಟವರು ಸರಿಯಾಗಿಯೇ ಇಟ್ಟಿದ್ದರು. ಅದು ದೂರದಿಂದ ನೋಡುವ ವಸ್ತು, ಹತ್ತಿರ ಕೂತು ಓದುವುದಲ್ಲ.

ಎಲ್‌ಸಿಡಿ ಟಿ.ವಿ.ಗಳೂ ಎಚ್‌ಡಿಎಂಐ ತಂತಿಯೂ ಬಂದ ಮೇಲೆ ಈ ನಡುಕ ನಿಂತಿತು. ಇಲ್ಲಿಯವರೆಗಿನ ಕತೆಯಲ್ಲಿ ದೊಡ್ಡ ತಿರುವು ಇದೇ ಆದರೂ ಹೇಳಲು ಹೆಚ್ಚೇನಿಲ್ಲ: ಪರದೆಯ ಒಂದೊಂದು ಚುಕ್ಕೆಗೂ ವಿಳಾಸ ಸಿಕ್ಕಿತು, ಕಂಪ್ಯೂಟರ್ ಚಾನೆಲ್ಲಿನ ವೇಷ ಹಾಕುವುದನ್ನು ಬಿಟ್ಟಿತು. 2012ರಲ್ಲಿ ಕೇಂಬ್ರಿಜ್‌ನಿಂದ ಬಂದ ರಾಸ್ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಜೊತೆಗೆ ಹಳೆಯ ಟಿ.ವಿ.ಯ ಹಳದಿ ತೂತನ್ನೂ ಉಳಿಸಿದ್ದರು. ಸಿಂಕ್ಲೇರ್, ಬಿಬಿಸಿ ಮೈಕ್ರೋ ಎರಡೂ ಹುಟ್ಟಿದ್ದು ಅದೇ ಊರಿನಲ್ಲಿ. 2025ರಲ್ಲಿ ಜಿಯೋ ಸಂಸ್ಥೆ ತನ್ನ ಸೆಟ್‌ಟಾಪ್ ಬಾಕ್ಸಿಗೆ ಕೀಲಿಮಣೆ, ಮೌಸು ಸಿಕ್ಕಿಸಿದರೆ ಟಿ.ವಿ.ಯೇ ಕಂಪ್ಯೂಟರ್ ಆಗುತ್ತದೆ ಎಂದು ಸೇವೆ ಶುರುಮಾಡಿದಾಗಲೂ ವಾದ ಅದೇ. ಟಿ.ವಿ. ಈಗಾಗಲೇ ಮನೆಯಲ್ಲಿದೆ.

ಆದರೆ ಹಳೆಯ ಟಿ.ವಿ.ಯ ಒಂದು ಅಭ್ಯಾಸ ಮಾತ್ರ ಹೋಗಿಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ವೋಲ್ಟೇಜ್ ಇಳಿದರೆ ಚಿತ್ರ ಕುಗ್ಗುತ್ತಿತ್ತು, ಸುತ್ತ ಕಪ್ಪು ಅಂಚು ಕಾಣುತ್ತಿತ್ತು. ಸಂಜೆ ಪಂಪ್‌ಸೆಟ್ಟುಗಳು ಓಡುವ ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಟಿ.ವಿ. ಕೊಂಡವರು ಜೊತೆಗೇ ಸ್ಟೆಬಿಲೈಸರನ್ನೂ ಕೊಳ್ಳುತ್ತಿದ್ದರು. ಕಪ್ಪು ಅಂಚು ಕಾಣದಿರಲಿ ಎಂದು ತಯಾರಕರು ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿಯೇ ಎಳೆದು ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಓವರ್‌ಸ್ಕ್ಯಾನ್ ಅಂದರೆ ಇದೇ. ಇಂದಿನ ಚಪ್ಪಟೆ ಟಿ.ವಿ.ಗೆ ಇದರ ಅಗತ್ಯವಿಲ್ಲ, ಆದರೂ ಹಲವು ಟಿ.ವಿ.ಗಳು ಲ್ಯಾಪ್‌ಟಾಪ್ ಸಿಕ್ಕಿಸಿದೊಡನೆ ನಾಲ್ಕೂ ಅಂಚನ್ನು ಕತ್ತರಿಸುತ್ತವೆ. ಪುಟದ ಕಡೆಯ ಸಾಲಿನಲ್ಲಿ ಒತ್ತಕ್ಷರದ ಬಾಲ ಮಾಯವಾದರೆ ಕಣ್ಣಿನ ದೋಷ ಅಂದುಕೊಳ್ಳಬೇಡಿ. ಚಿತ್ರದ ಅಳತೆಯ ಪಟ್ಟಿಯಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘1:1’ ಎಂದೇನಾದರೂ ಇರುತ್ತದೆ, ಅದನ್ನು ಆರಿಸಬೇಕು. ಇನ್‌ಪುಟ್ಟಿಗೆ ‘ಪಿಸಿ’ ಎಂದು ಹೆಸರು ಕೊಟ್ಟರೆ ಕೆಲವು ಟಿ.ವಿ.ಗಳಲ್ಲಿ ಬಣ್ಣದ ಅಕ್ಷರಗಳ ಮಸುಕು ಕೂಡ ಹೋಗುತ್ತದೆ. ಶಾರ್ಪ್‌ನೆಸ್ ಇಳಿಸಿದರೆ ಅಕ್ಷರದ ಸುತ್ತಲಿನ ಬಿಳಿ ಪ್ರಭಾವಳಿ ಕರಗುತ್ತದೆ. ಶಾಸನದ ಫೋಟೋಗಳಿಗಂತೂ ಇದು ಬಹಳ ಮುಖ್ಯ, ಇಲ್ಲದಿದ್ದರೆ ಕಲ್ಲಿನ ಬಿರುಕೂ ಅಕ್ಷರದಂತೆ ಎದ್ದು ನಿಲ್ಲುತ್ತದೆ. ಇನ್ನೊಂದು ಲೆಕ್ಕ: ಹೆಚ್ಚಿನ ಮನೆಗಳಲ್ಲಿರುವ 32 ಇಂಚಿನ ‘ಎಚ್‌ಡಿ ರೆಡಿ’ ಟಿ.ವಿ.ಯಲ್ಲಿ ಇಂಚಿಗೆ ಸುಮಾರು 49 ಚುಕ್ಕೆ, ಸಾಧಾರಣ 24 ಇಂಚಿನ ಮಾನಿಟರಿನಲ್ಲಿ 92. ಮಾನಿಟರಿನಿಂದ ಎರಡು ಅಡಿ ದೂರ ಕೂರುವವರು ಈ ಟಿ.ವಿ.ಯಿಂದ ನಾಲ್ಕು ಅಡಿ ದೂರ ಕೂರಬೇಕು. 43 ಇಂಚಿನ 4ಕೆ ಟಿ.ವಿ.ಯಾದರೆ ಇಂಚಿಗೆ ನೂರಕ್ಕೂ ಮೇಲೆ, ಅದು ಮಾನಿಟರೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಸರ್ಕಾರ ಡಿಡಿ ಚಂದನದಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ಟಿ.ವಿ. ತರಗತಿಯಾಯಿತು, ಆದರೆ ‘ಸೈಟ್’ ಕಾಲದ ಹಾಗೆಯೇ ಏಕಮುಖವಾಗಿ. ಅದೇ ಹೊತ್ತಿನಲ್ಲಿ ಕಾಲೇಜಿನ ಹುಡುಗರು ಐದಾರು ಇಂಚಿನ ಮೊಬೈಲಿನಲ್ಲಿ ಪಿಡಿಎಫ್ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದರು, ಎದುರಿನ ಗೋಡೆಯಲ್ಲಿ ದೊಡ್ಡ ಪರದೆಯೊಂದು ಧಾರಾವಾಹಿಗೆ ಕಾದು ಕೂತಿರುತ್ತಿತ್ತು. ಕೆಲವು ಮೊಬೈಲುಗಳಲ್ಲಾದರೂ ಎರಡನ್ನೂ ಸೇರಿಸಬಹುದು ಎಂದು ಅವರಿಗೆ ಹೇಳಿಕೊಟ್ಟವರು ಕಡಿಮೆ. ಡಿಸ್‌ಪ್ಲೇ ಒಡೆದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದೆ ಟಿ.ವಿ.ಗೆ ಕಟ್ಟಿ ಪ್ರಬಂಧ ಮುಗಿಸಿದ ಇಬ್ಬರು ಗೆಳೆಯರು ನನಗಿದ್ದಾರೆ. ಫೆಲೋಶಿಪ್ ತಡವಾಗಿ ಬರುವ ನಮ್ಮ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ನಡುಮನೆಯ ಟಿ.ವಿ. ಒಬ್ಬರ ಸ್ವತ್ತಲ್ಲ ಎಂಬುದು ಇದರ ತೊಡಕು. ರಾತ್ರಿ ಹತ್ತರವರೆಗೆ ಅದು ಅಮ್ಮನದು, ಆಮೇಲೆ ನನ್ನದು. ಆದರೆ ನನ್ನ ಕೆಲಸಕ್ಕೆ ಈ ತೊಡಕೇ ಅನುಕೂಲವೂ ಆಯಿತು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ, ಹಾಸನ ಜಿಲ್ಲೆಯದು, ಪ್ರಕಟವಾದದ್ದು 1902ರಲ್ಲಿ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹಲವು ಕಲ್ಲುಗಳು ಆ ಸಂಪುಟದೊಳಗಿವೆ. ಆ ಕಲ್ಲುಗಳು ನಿಂತಿರುವ ಊರುಗಳಲ್ಲಿ ಆ ಪುಸ್ತಕ ಇಲ್ಲ. ಹಲ್ಮಿಡಿಯಲ್ಲಂತೂ ಕಲ್ಲೂ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ ಆ ಶಾಸನ ಈಗಿರುವುದು ಮೈಸೂರಿನಲ್ಲಿ, ಊರಿನಲ್ಲಿರುವುದು ಅದರ ಪ್ರತಿಕೃತಿ. ಶಾಸನ ಓದುವುದು ಎಂದರೆ ತಜ್ಞನೊಬ್ಬ ಭೂತಗನ್ನಡಿ ಹಿಡಿದು ಒಂಟಿಯಾಗಿ ಮಾಡುವ ಕೆಲಸ ಎಂದೇ ನಾವೂ ಕಲಿತದ್ದು. ಪುಸ್ತಕದ ಮೇಲೆ ಬಗ್ಗಲು ಒಬ್ಬರಿಗೆ ಜಾಗ, ಲ್ಯಾಪ್‌ಟಾಪಿನ ಮುಂದೆ ಹೆಚ್ಚೆಂದರೆ ಇಬ್ಬರಿಗೆ.

ಹಿಂದಿನ ವರ್ಷ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಮೇಲಿನ ಕಲ್ಲೊಂದರ ಫೋಟೋವನ್ನು ಆತಿಥ್ಯ ಕೊಟ್ಟವರ ಮನೆಯ ಟಿ.ವಿ.ಯಲ್ಲಿ ಹಾಕಿದೆವು. ಶಾಸನದ ಕಲ್ಲು ಉದ್ದಕ್ಕೆ, ಟಿ.ವಿ. ಅಡ್ಡಕ್ಕೆ, ಹಾಗಾಗಿ ಒಂದು ಸಲಕ್ಕೆ ಐದಾರು ಸಾಲು ಮಾತ್ರ ಕಾಣುತ್ತಿದ್ದವು. ಇದು ಒಳ್ಳೆಯದೇ ಆಯಿತು, ಯಾರೂ ಮುಂದೆ ಓಡುವಂತಿರಲಿಲ್ಲ. ಹತ್ತು ಹನ್ನೆರಡು ಜನ ಕೂತಿದ್ದರು. ನಾನು ಹಳಗನ್ನಡದ ಅಕ್ಷರಕ್ಕೆ ಬೆರಳಿಟ್ಟು ಇಂದಿನ ಅಕ್ಷರ ಹೇಳುವುದು, ಅವರು ಕೂಡಿಸಿಕೊಂಡು ಓದುವುದು. ಹಳೆಯ ‘ಮ’, ‘ವ’ಗಳ ವ್ಯತ್ಯಾಸವನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ನನಗಿಂತ ಬೇಗ ಹಿಡಿದಳು. ದಾನದ ಭೂಮಿಯ ಎಲ್ಲೆ ಹೇಳುವ ಭಾಗಕ್ಕೆ ಬಂದಾಗ ಅರ್ಧ ಸವೆದ ಒಂದು ಹೆಸರಿನಲ್ಲಿ ಸಿಕ್ಕಿಕೊಂಡೆವು. ಮೂರು ಅಕ್ಷರ ಸ್ಪಷ್ಟ, ನಾಲ್ಕನೆಯದರ ಒತ್ತು ಹೋಗಿದೆ. ಹಿಂದೆ ಗೋಡೆಗೊರಗಿ ಕೂತಿದ್ದ ಹಿರಿಯರೊಬ್ಬರು ಆ ಮೂರನ್ನು ಕೇಳಿದ ತಕ್ಷಣ ನಾಲ್ಕನೆಯದನ್ನು ಸೇರಿಸಿ, ಅದು ತಮ್ಮ ಹೊಲದ ಆಚೆಯ ಹಳ್ಳದ ಹೆಸರು, ಈಗಲೂ ಹಾಗೇ ಕರೆಯುತ್ತೇವೆ ಎಂದರು. ಅವರು ಅದನ್ನು ತುಂಬ ಸಹಜವಾಗಿ ಹೇಳಿದರು, ಅದರಲ್ಲಿ ವಿಶೇಷವೇನಿದೆ ಎಂಬಂತೆ.

ಮರುದಿನ ಬೆಳಿಗ್ಗೆ ಹಳ್ಳದವರೆಗೆ ನಡೆದುಹೋಗಿ ಬಂದೆವು. ಶಾಸನ ಹೇಳುವ ದಿಕ್ಕು ಸರಿಹೊಂದುತ್ತದೆ, ದೂರವನ್ನು ಇನ್ನೂ ಅಳೆಯಬೇಕು. ಏರಿಯ ಇನ್ನೊಂದು ತುದಿಯಲ್ಲಿ ಅರ್ಧ ಹೂತ ಮತ್ತೊಂದು ಕಲ್ಲಿದೆ. ಅದರ ಚಿತ್ರ ತೆಗೆದಾಯಿತು, ಓದುವುದು ಬಾಕಿ ಇದೆ. ಟಿ.ವಿ. ಕೊಡುತ್ತೇವೆ, ಆದರೆ ಕ್ರಿಕೆಟ್ ಇಲ್ಲದ ದಿನ ಬನ್ನಿ ಎಂದು ಆ ಮನೆಯವರು ಹೇಳಿದ್ದಾರೆ.